ನಾಲ್ಕನೇ ಅಧ್ಯಾಯ ದಾಟುವ ದಾರಿ: ಪ್ರಾಕ್ಕಲ್ಪನೆಯಿಂದ ಪಿ ಮೌಲ್ಯದವರೆಗೆ

ಶಿಕ್ಷಣಶಾಸ್ತ್ರದ ಪಿಎಚ್‌ಡಿ ಪ್ರಬಂಧವನ್ನು ಈಗಷ್ಟೇ ಒಪ್ಪಿಸಿ, ವೈವಾ ಮುಗಿಸಿದ್ದೇನೆ. ವಿಷಯ ಒಂಬತ್ತನೇ ತರಗತಿ ಮಕ್ಕಳ ಗಣಿತದ ಆತಂಕ. ಪ್ರಬಂಧದ ಐದು ಅಧ್ಯಾಯಗಳಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ನಾಲ್ಕನೆಯದರಲ್ಲಿ, ದತ್ತಾಂಶ ವಿಶ್ಲೇಷಣೆಯಲ್ಲಿ. ಪ್ರಶ್ನಾವಳಿ ತುಂಬಿಸಿಕೊಂಡು ಬಂದಾದ ಮೇಲೆ ‘ಇದಕ್ಕೆ ಯಾವ ಟೆಸ್ಟ್ ಹಾಕಬೇಕು?’ ಎಂದು ಕೇಳುತ್ತ ಓಡಾಡುವವರು ಪ್ರತಿ ವಿಭಾಗದಲ್ಲೂ ಸಿಗುತ್ತಾರೆ. ನಿಜ ಹೇಳಬೇಕೆಂದರೆ ಆ ಪ್ರಶ್ನೆಗೆ ಉತ್ತರ ಪ್ರಾಕ್ಕಲ್ಪನೆ (ದತ್ತಾಂಶದಿಂದ ಪರೀಕ್ಷಿಸಿ ನೋಡುವ ಊಹೆ) ಬರೆದ ದಿನವೇ ತೀರ್ಮಾನವಾಗಿರುತ್ತದೆ. ಆ ದಿನ ಯೋಚಿಸದೆ ಬಿಟ್ಟದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ತುಂಬಿಕೊಡುವುದಿಲ್ಲ. ಹಾಗಾಗಿ ಮೊದಲಿನಿಂದಲೇ ಹೇಳುತ್ತೇನೆ. ನಡುವೆ ಬರುವ ಲೆಕ್ಕದ ಅಂಕಿಗಳು ನೀವು ಕ್ಯಾಲ್ಕುಲೇಟರ್ ಹಿಡಿದು ಮಾಡಿ ನೋಡಲೆಂದು ಇಟ್ಟ ಮಾದರಿ ಅಂಕಿಗಳು, ನನ್ನ ಪ್ರಬಂಧದ ಫಲಿತಾಂಶಗಳಲ್ಲ.

ಪ್ರಾಕ್ಕಲ್ಪನೆ ಬರೆಯುವಾಗ

ಸಾರಲೇಖ (ಸಿನಾಪ್ಸಿಸ್) ಒಪ್ಪಿಸುವ ಮೊದಲು ಒಂದು ದೊಡ್ಡ ಹಾಳೆಯಲ್ಲಿ ಪ್ರತಿ ಪ್ರಾಕ್ಕಲ್ಪನೆಗೂ ಒಂದೊಂದು ಸಾಲು ಹಾಕಿಕೊಳ್ಳಿ. ಅಳೆಯುವ ಚಲಕ (ಮಗುವಿನಿಂದ ಮಗುವಿಗೆ ಬದಲಾಗುವ ಗುಣ) ಯಾವುದು, ಅದು ಅಂಕವೋ ವರ್ಗವೋ, ಹೋಲಿಸುವ ಗುಂಪುಗಳು ಎಷ್ಟು, ಅದೇ ಮಕ್ಕಳನ್ನು ಎರಡು ಸಲ ಅಳೆಯುತ್ತೀರೋ ಬೇರೆ ಬೇರೆ ಮಕ್ಕಳನ್ನೋ. ಇಷ್ಟು ತುಂಬಿದರೆ ಕೊನೆಯ ಖಾನೆಯಲ್ಲಿ ಟೆಸ್ಟಿನ ಹೆಸರು ತಾನಾಗಿ ಬರುತ್ತದೆ. ಎರಡು ಬೇರೆ ಗುಂಪುಗಳ ಅಂಕಗಳ ಸರಾಸರಿ ಹೋಲಿಸಬೇಕಾದರೆ ಸ್ವತಂತ್ರ ಟಿ-ಟೆಸ್ಟ್. ಅದೇ ಮಕ್ಕಳ ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ ಆದರೆ ಜೋಡಿ ಟಿ-ಟೆಸ್ಟ್. ಗುಂಪು ಮೂರು ಅಥವಾ ಹೆಚ್ಚಾದರೆ ಅನೋವಾ. ಎರಡೂ ಕಡೆ ಅಂಕಗಳೇ ಇದ್ದರೆ ಪಿಯರ್ಸನ್ ಸಹಸಂಬಂಧ. ಎರಡೂ ಕಡೆ ವರ್ಗಗಳೇ ಇದ್ದರೆ ಕೈ-ವರ್ಗ ಟೆಸ್ಟ್.

ನಾನು ಓದಿದ ಎಷ್ಟೋ ಪ್ರಬಂಧಗಳಲ್ಲಿ ಇಂಥ ವಾಕ್ಯ ಕಂಡಿದೆ: ‘ಸರ್ಕಾರಿ ಮತ್ತು ಖಾಸಗಿ ಶಾಲೆಗಳ, ಗ್ರಾಮೀಣ ಮತ್ತು ನಗರ ಪ್ರದೇಶದ, ಬಾಲಕ ಮತ್ತು ಬಾಲಕಿಯರ ಗಣಿತದ ಆತಂಕ ಹಾಗೂ ಸಾಧನೆಯಲ್ಲಿ ಸಾರ್ಥಕ ವ್ಯತ್ಯಾಸವಿಲ್ಲ.’ ಸಾರ್ಥಕ ಎಂದರೆ ಬರೀ ಆಕಸ್ಮಿಕ ಎಂದು ತಳ್ಳಿಹಾಕಲಾಗದಷ್ಟು. ಈ ವಾಕ್ಯದೊಳಗೆ ಆರು ಪ್ರಾಕ್ಕಲ್ಪನೆಗಳು ಅಡಗಿವೆ. ಮೂರು ತಿರಸ್ಕೃತವಾಗಿ ಮೂರು ಉಳಿದುಕೊಂಡರೆ ಈ ಒಂದು ವಾಕ್ಯದ ಗತಿ ಏನು? ಒಂದು ವಾಕ್ಯಕ್ಕೆ ಒಂದೇ ಅಳತೆ, ಒಂದೇ ವಿಂಗಡಣೆ ಇರಲಿ. ‘ಸಂಬಂಧ’ ಎಂದು ಬರೆದು ಟಿ-ಟೆಸ್ಟ್ ಹಾಕುವುದು, ಒಂದೇ ಸಲದ ಸಮೀಕ್ಷೆ ಮಾಡಿ ‘ಪರಿಣಾಮ’ ಎಂದು ಬರೆಯುವುದು, ಇವೆರಡನ್ನೂ ಪರೀಕ್ಷಕರು ಮೊದಲ ಓದಿನಲ್ಲೇ ಹಿಡಿಯುತ್ತಾರೆ.

ಪ್ರಾಕ್ಕಲ್ಪನೆಗಳ ಸಂಖ್ಯೆ ಹೆಚ್ಚಿದಷ್ಟೂ ಪ್ರಬಂಧ ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಲೆಕ್ಕ ನೋಡಿ. ಎಲ್ಲ ಶೂನ್ಯ ಪ್ರಾಕ್ಕಲ್ಪನೆಗಳೂ (ವ್ಯತ್ಯಾಸ ಅಥವಾ ಸಂಬಂಧ ಇಲ್ಲ ಎನ್ನುವವು) ನಿಜವೇ ಆಗಿದ್ದು, ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್‌ಗಳನ್ನು 0.05 ಮಟ್ಟದಲ್ಲಿ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಂಭವ ಇಪ್ಪತ್ತರಲ್ಲೊಂದು ಇರುವಂತೆ) ಮಾಡಿದರೆ, ಕನಿಷ್ಠ ಒಂದಾದರೂ ಸುಳ್ಳೇ ‘ಸಾರ್ಥಕ’ ಎಂದು ಬರುವ ಸಂಭವ 1 − 0.95ರ 20ನೇ ಘಾತ, ಅಂದರೆ ಶೇ. 64. ಆರೇಳು ಪ್ರಾಕ್ಕಲ್ಪನೆ ಇಟ್ಟುಕೊಂಡು ಪ್ರತಿಯೊಂದಕ್ಕೂ ಕಾರಣ ಕೊಡುವುದೇ ಮೇಲು.

ಎಷ್ಟು ಮಕ್ಕಳು, ಎಷ್ಟು ಶಾಲೆಗಳು

ಮಾದರಿ ಗಾತ್ರ ಎಂದ ಕೂಡಲೇ ಎಲ್ಲರೂ ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಪ್ರಕಟಿಸಿದ ಕೋಷ್ಟಕ ತೆಗೆಯುತ್ತಾರೆ. ಸಮಷ್ಟಿ, ಅಂದರೆ ಅಧ್ಯಯನ ಅನ್ವಯಿಸುವ ಒಟ್ಟು ಜನ, 1,000 ಇದ್ದರೆ ಮಾದರಿ 278, ಹತ್ತು ಲಕ್ಷ ಇದ್ದರೆ 384. ಆದರೆ ಆ ಕೋಷ್ಟಕ ಇರುವುದು ಒಂದು ಶೇಕಡಾವಾರನ್ನು 5 ಅಂಶಗಳ ಅಂಚಿನೊಳಗೆ ಅಂದಾಜು ಮಾಡಲು. ಎರಡು ಗುಂಪುಗಳನ್ನು ಹೋಲಿಸುವವರಿಗೆ ಬೇಕಾದ ಲೆಕ್ಕ ಬೇರೆ. ಗುಂಪುಗಳ ನಡುವಿನ ಅಂತರ ಅರ್ಧ ಮಾನಕ ವಿಚಲನೆಯಷ್ಟಿದ್ದರೆ (ಮಾನಕ ವಿಚಲನೆ ಎಂದರೆ ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬ ಅಳತೆ), ಅದನ್ನು ಶೇ. 80ರ ಖಾತ್ರಿಯಲ್ಲಿ ಪತ್ತೆಹಚ್ಚಲು ಪ್ರತಿ ಗುಂಪಿಗೆ 64 ಮಕ್ಕಳು ಸಾಕು. ಅಂತರ 0.2 ಮಾನಕ ವಿಚಲನೆಯಷ್ಟೇ ಆಗಿದ್ದರೆ ಪ್ರತಿ ಗುಂಪಿಗೆ 394 ಬೇಕು. ಜಿ-ಪವರ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನು ಐದು ನಿಮಿಷದಲ್ಲಿ ಲೆಕ್ಕ ಹಾಕಬಹುದು. ಆ ಪುಟದ ಪ್ರಿಂಟ್ ತೆಗೆದು ಅನುಬಂಧದಲ್ಲಿ ಸೇರಿಸಿ. ‘ಇಷ್ಟೇ ಏಕೆ ತೆಗೆದುಕೊಂಡಿರಿ?’ ಎಂಬ ಪ್ರಶ್ನೆ ಬಂದಾಗ ಅದೇ ಉತ್ತರ.

ಇನ್ನೊಂದು ಮಾತನ್ನು ನಮ್ಮ ಸಂಶೋಧನಾ ವಿಧಾನದ ತರಗತಿಗಳಲ್ಲಿ ಸಾಕಷ್ಟು ಒತ್ತಿ ಹೇಳುವುದಿಲ್ಲ. ಒಂದೇ ಶಾಲೆಯ ಮಕ್ಕಳಿಗೆ ಗಣಿತ ಕಲಿಸುವವರು ಒಬ್ಬರೇ, ಸುತ್ತಲಿನ ವಾತಾವರಣವೂ ಒಂದೇ. ಅವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. 14 ಶಾಲೆಗಳಿಂದ 30ರಂತೆ 420 ಮಕ್ಕಳನ್ನು ತೆಗೆದುಕೊಂಡು, ಶಾಲೆಯೊಳಗಿನ ಹೋಲಿಕೆ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಎಲ್ಲರದೂ ಒಂದೇ) 0.1 ಎಂದಿಟ್ಟುಕೊಂಡರೆ, ವಿನ್ಯಾಸ ಪರಿಣಾಮ, ಅಂದರೆ ಈ ಹೋಲಿಕೆಯಿಂದ ಮಾದರಿ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಅಂಕಿ, 1 + 29 × 0.1 = 3.9. ಅಂದರೆ 420 ಮಕ್ಕಳು ಕೊಡುವ ಮಾಹಿತಿ ಸುಮಾರು 108 ಸ್ವತಂತ್ರ ಮಕ್ಕಳು ಕೊಡುವಷ್ಟೇ. ಅದೇ 420 ಮಕ್ಕಳನ್ನು 28 ಶಾಲೆಗಳಿಂದ 15ರಂತೆ ಆರಿಸಿದರೆ ವಿನ್ಯಾಸ ಪರಿಣಾಮ 2.4ಕ್ಕೆ ಇಳಿದು, ಮಾಹಿತಿ 175 ಮಕ್ಕಳಷ್ಟಾಗುತ್ತದೆ. ಬಸ್ ಖರ್ಚು ಹೆಚ್ಚುತ್ತದೆ, ನಿಜ. ಆದರೂ ಹೆಚ್ಚು ಶಾಲೆ, ಶಾಲೆಗೆ ಕಡಿಮೆ ಮಕ್ಕಳು ಎಂಬ ನಿಯಮವನ್ನು ಬಿಡಬೇಡಿ. ಶಾಲೆಗಳ ಪಟ್ಟಿಗೆ ಯು-ಡೈಸ್ (ದೇಶದ ಶಾಲೆಗಳ ಸರ್ಕಾರಿ ಮಾಹಿತಿ ಕೋಶ) ಮಾಹಿತಿ ಬಳಸಿ. 11 ಅಂಕಿಯ ಶಾಲಾ ಸಂಕೇತ, ಆಡಳಿತದ ಬಗೆ, ಗ್ರಾಮೀಣ–ನಗರ ವಿಂಗಡಣೆ ಎಲ್ಲವೂ ಅದರಲ್ಲಿವೆ.

ಅನುಮತಿ, ಮುದ್ರಣ, ಕಾಯುವಿಕೆ

ವಿಶ್ವವಿದ್ಯಾಲಯದ ನೋಂದಣಿ ಪತ್ರ, ಗೈಡ್ ಸಹಿ ಇರುವ ಕೋರಿಕೆ ಪತ್ರ, ಪ್ರಶ್ನಾವಳಿಯ ಪ್ರತಿ, ಶಾಲೆಗಳ ಪಟ್ಟಿ, ಈ ನಾಲ್ಕನ್ನೂ ಜೋಡಿಸಿ ಡಿಡಿಪಿಐ ಕಚೇರಿಗೆ ಕೊಡಬೇಕು. ಅಲ್ಲಿಂದ ಬಿಇಓ, ಅಲ್ಲಿಂದ ಮುಖ್ಯ ಶಿಕ್ಷಕರು. ಸ್ವೀಕೃತಿ ಮೊಹರು ಹಾಕಿಸಿಕೊಂಡ ಪ್ರತಿ ನಿಮ್ಮ ಬಳಿ ಇರಲೇಬೇಕು, ಕಡತ ಎಲ್ಲಿದೆ ಎಂದು ವಿಚಾರಿಸಲು ಅದೊಂದೇ ಆಧಾರ. ಅನುಮತಿ ಬೇಗ ಬಂದೀತು ಎಂದು ನಂಬಿ ವೇಳಾಪಟ್ಟಿ ಹಾಕಬೇಡಿ. ಅರ್ಧವಾರ್ಷಿಕ ಪರೀಕ್ಷೆ, ದಸರಾ ರಜೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಸಿದ್ಧತೆ ಇವನ್ನೆಲ್ಲ ಕಳೆದರೆ ಶಾಲೆಗಳಲ್ಲಿ ನಿರಾಳವಾಗಿ ಒಂದು ಪಿರಿಯಡ್ ಸಿಗುವುದು ಜುಲೈ–ಆಗಸ್ಟ್‌ನಲ್ಲಿ, ಮತ್ತೆ ನವೆಂಬರ್–ಡಿಸೆಂಬರ್‌ನಲ್ಲಿ. ಈ ಕಾಯುವಿಕೆ ಮನಸ್ಸನ್ನು ಹಿಂಡುತ್ತದೆ. ಆ ವೇಳೆಯಲ್ಲಿ ಪೂರ್ವಭಾವಿ ಅಧ್ಯಯನದ (ಪ್ರಶ್ನಾವಳಿಯನ್ನು ಮೊದಲು ಕೆಲವೇ ಮಕ್ಕಳ ಮೇಲೆ ಪ್ರಯೋಗಿಸಿ ನೋಡುವ) ಕೆಲಸ ಮುಗಿಸಿಕೊಳ್ಳಿ. ಮಕ್ಕಳು ಅಪ್ರಾಪ್ತ ವಯಸ್ಕರಾದ್ದರಿಂದ ಪೋಷಕರ ಒಪ್ಪಿಗೆ ಚೀಟಿಯೂ ಬೇಕು. ಅದನ್ನು ಕನ್ನಡದಲ್ಲಿ, ಅರ್ಧ ಪುಟದಲ್ಲಿ ಮುಗಿಸಿ.

25 ಹೇಳಿಕೆಗಳ ಪ್ರಶ್ನಾವಳಿ ಒಂದೇ ಎ4 ಹಾಳೆಯ ಎರಡು ಬದಿಯಲ್ಲಿ ಹಿಡಿಯುತ್ತದೆ. ಎರಡು ಹಾಳೆಗೆ ಹೋದರೆ ಖರ್ಚು ಮಾತ್ರವಲ್ಲ, ಪಿನ್ ಬಿಚ್ಚಿ ಹಾಳೆ ಅದಲುಬದಲಾಗುವ ಅಪಾಯವೂ ಹೆಚ್ಚು. ಬೇಕಾದ್ದಕ್ಕಿಂತ ಹತ್ತರಲ್ಲೊಂದು ಪಾಲು ಹೆಚ್ಚು ಮುದ್ರಿಸಿ. ಹಿಂಬದಿ ನೋಡದೆ ಕೊಟ್ಟ ಹಾಳೆಗಳು, ಎಲ್ಲಕ್ಕೂ ‘ಒಪ್ಪುತ್ತೇನೆ’ ಎಂದೇ ಗೆರೆ ಎಳೆದ ಹಾಳೆಗಳು ಬಂದೇ ಬರುತ್ತವೆ. ಸಂಗ್ರಹಿಸುವಾಗಲೇ ಹಿಂಬದಿ ತಿರುಗಿಸಿ ನೋಡಿದರೆ ಅರ್ಧ ನಷ್ಟ ತಪ್ಪುತ್ತದೆ. ಇನ್ನು ದುಡ್ಡಿನ ಮಾತು. ‘ಡೇಟಾ ಅನಾಲಿಸಿಸ್ ಮಾಡಿಕೊಡುತ್ತೇವೆ’ ಎಂಬ ಕೇಂದ್ರಗಳು ಸಾವಿರಗಟ್ಟಲೆ ಕೇಳುತ್ತವೆ. ಅಂಕಿಗಳನ್ನು ಕಂಪ್ಯೂಟರಿಗೆ ತುಂಬಲು ಇನ್ನೊಬ್ಬರ ಸಹಾಯ ಪಡೆಯಿರಿ, ಅದರಲ್ಲಿ ತಪ್ಪಿಲ್ಲ. ವಿಶ್ಲೇಷಣೆಯನ್ನು ಮಾತ್ರ ನೀವೇ ಮಾಡಿ. ಕೋಷ್ಟಕದ ಒಂದೊಂದು ಅಂಕಿ ಹೇಗೆ ಬಂತೆಂದು ಹೇಳಬೇಕಾದವರು ನೀವೇ.

ಪೂರ್ವಭಾವಿ ಅಧ್ಯಯನಕ್ಕೆ ಅಂತಿಮ ಮಾದರಿಯಲ್ಲಿ ಸೇರದ 30ರಿಂದ 50 ಮಕ್ಕಳು ಸಾಕು. ಇಲ್ಲಿ ನೋಡಬೇಕಾದ್ದು ವಿಶ್ವಾಸಾರ್ಹತೆ, ಅಂದರೆ ಹೇಳಿಕೆಗಳೆಲ್ಲ ಒಂದಕ್ಕೊಂದು ಹೊಂದಿಕೊಂಡು ಅಳೆಯುತ್ತವೆಯೇ ಎಂಬುದು. ಲೀ ಕ್ರಾನ್‌ಬಾಕ್ 1951ರಲ್ಲಿ ಕೊಟ್ಟ ಆಲ್ಫಾ ಗುಣಾಂಕ 0.70 ದಾಟಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. 0.95ಕ್ಕಿಂತ ಮೇಲೆ ಹೋದರೆ ಒಂದೇ ಮಾತನ್ನು ಬೇರೆ ಬೇರೆ ಪದಗಳಲ್ಲಿ ಕೇಳುತ್ತಿದ್ದೀರಿ ಎಂಬ ಅನುಮಾನ ಬರಬೇಕು. ಆಲ್ಫಾ 0.4ರ ಆಸುಪಾಸಿಗೆ ಬಿದ್ದರೆ ಗಾಬರಿಯಾಗಿ ಪ್ರಶ್ನಾವಳಿ ಎಸೆಯಬೇಡಿ. ಬಹಳ ಸಲ ಅದಕ್ಕೆ ಕಾರಣ ತಿರುಗಿಸದೆ ಉಳಿದ ಹೇಳಿಕೆಗಳು. ‘ಗಣಿತದ ಪಿರಿಯಡ್ ಎಂದರೆ ನನಗೆ ಖುಷಿ’ ಎಂಬ ಹೇಳಿಕೆಗೆ 5 (ಪೂರ್ತಿ ಒಪ್ಪಿಗೆ) ಕೊಟ್ಟ ಮಗುವಿಗೆ ಆತಂಕ ಕಡಿಮೆ. ಇಂಥ ಹೇಳಿಕೆಗಳ ಅಂಕವನ್ನು 6ರಿಂದ ಕಳೆಯಬೇಕು: 5 ಇದ್ದದ್ದು 1, 4 ಇದ್ದದ್ದು 2. ತಿರುಗಿಸಿದ ಅಂಕವನ್ನು ಹೊಸ ಕಾಲಮಿನಲ್ಲೇ ಇಡಿ. ಹಳೆಯದರ ಮೇಲೆಯೇ ಬರೆದರೆ, ಅದೇ ಆದೇಶ ಇನ್ನೊಮ್ಮೆ ಓಡಿದಾಗ ಎಲ್ಲವೂ ಮೊದಲಿನಂತಾಗಿಬಿಡುತ್ತದೆ, ಗೊತ್ತೂ ಆಗುವುದಿಲ್ಲ. ತಿರುಗಿಸಿದ ಮೇಲೂ ಒಟ್ಟು ಅಂಕದೊಂದಿಗೆ 0.2ಕ್ಕಿಂತ ಕಡಿಮೆ ಹೊಂದುವ ಹೇಳಿಕೆ ಇದ್ದರೆ ಅದರ ಭಾಷೆ ನೋಡಿ. ‘ನನಗೆ ಗಣಿತ ಇಷ್ಟವಿಲ್ಲದೆ ಇಲ್ಲ’ ಎಂಬಂಥ ಎರಡು ನಿಷೇಧಗಳ ವಾಕ್ಯ ಮಕ್ಕಳನ್ನು ಗಲಿಬಿಲಿ ಮಾಡುತ್ತದೆ.

ಅಂಕಿ ತುಂಬುವುದು, ಅಂಕಿ ನೋಡುವುದು

ಪ್ರತಿ ಹಾಳೆಯ ಮೇಲೂ ಕ್ರಮಸಂಖ್ಯೆ ಬರೆದು, ಅದೇ ಸಂಖ್ಯೆಯನ್ನು ಎಕ್ಸೆಲ್‌ನ ಮೊದಲ ಕಾಲಮಿನಲ್ಲಿ ಹಾಕಿ. ಮಕ್ಕಳ ಹೆಸರು ಬೇಡವೇ ಬೇಡ. ಒಂದು ಮಗುವಿಗೆ ಒಂದು ಅಡ್ಡಸಾಲು, ಒಂದು ಹೇಳಿಕೆಗೆ ಒಂದು ಕಾಲಂ. ಬಾಲಕ 1, ಬಾಲಕಿ 2. ಸರ್ಕಾರಿ 1, ಅನುದಾನಿತ 2, ಅನುದಾನರಹಿತ 3. ಈ ಸಂಕೇತಗಳ ಪಟ್ಟಿಯನ್ನು ಬೇರೆ ಶೀಟಿನಲ್ಲಿ ಬರೆದಿಡಿ. ಉತ್ತರ ಬಿಟ್ಟಿದ್ದರೆ ಕೋಶವನ್ನು ಖಾಲಿ ಬಿಡಿ. 99 ಎಂದು ತುಂಬುವ ರೂಢಿ ಇದೆ. ಆದರೆ ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದ ವೇರಿಯಬಲ್ ವ್ಯೂ ಪುಟದ ‘ಮಿಸ್ಸಿಂಗ್’ ಕಾಲಮಿನಲ್ಲಿ 99 ಎಂದು ಸೂಚಿಸಲು ಮರೆತರೆ, 5ರ ಮಾಪನದಲ್ಲಿ 99 ಕೂತು ಸರಾಸರಿಯನ್ನು ಎತ್ತಿಬಿಡುತ್ತದೆ.

ಒಟ್ಟು ಅಂಕ ಕೂಡಿಸುವಾಗ ಒಂದು ಹೊಂಡವಿದೆ. ಎಕ್ಸೆಲ್‌ನ ಸಮ್ ಆಗಲಿ, ಎಸ್‌ಪಿಎಸ್‌ಎಸ್‌ನ ಸಮ್ ಆಗಲಿ ಖಾಲಿ ಕೋಶವನ್ನು ಬಿಟ್ಟು ಉಳಿದದ್ದನ್ನು ಕೂಡುತ್ತವೆ. ಐದು ಹೇಳಿಕೆ ಬಿಟ್ಟ ಮಗುವಿನ ಒಟ್ಟು ಅಂಕ ಕಡಿಮೆಯಾಗಿ, ಆ ಮಗುವಿಗೆ ಆತಂಕವೇ ಇಲ್ಲವೆಂಬಂತೆ ಕಾಣುತ್ತದೆ. ಎಸ್‌ಪಿಎಸ್‌ಎಸ್‌ನಲ್ಲಿ ‘ಮೀನ್.20’ ಎಂಬ ರೂಪ ಬಳಸಿದರೆ ಕನಿಷ್ಠ 20 ಹೇಳಿಕೆಗಳಿಗೆ ಉತ್ತರ ಕೊಟ್ಟವರದ್ದು ಮಾತ್ರ ಸರಾಸರಿ ಬರುತ್ತದೆ. ಅದನ್ನು 25ರಿಂದ ಗುಣಿಸಿದರೆ ಒಟ್ಟು ಅಂಕ. ಎಷ್ಟು ಹಾಳೆ ಬಿಟ್ಟಿರಿ, ಯಾವ ನಿಯಮದಿಂದ ಬಿಟ್ಟಿರಿ ಎಂಬುದನ್ನು ಮೂರನೇ ಅಧ್ಯಾಯದಲ್ಲಿ ಬರೆಯಿರಿ.

ಸಾಫ್ಟ್‌ವೇರ್ ಬಗ್ಗೆ ಆತಂಕ ಬೇಡ. ಎಸ್‌ಪಿಎಸ್‌ಎಸ್ ವಿಭಾಗದ ಲ್ಯಾಬಿನಲ್ಲಿ ಇದ್ದರೆ ಸರಿ. ಇಲ್ಲದಿದ್ದರೆ ಜಮೋವಿ, ಜಾಸ್ಪ್, ಪಿಎಸ್‌ಪಿಪಿ ಮೂರೂ ಉಚಿತ, ಈ ಬರಹದ ಎಲ್ಲ ಟೆಸ್ಟ್‌ಗಳನ್ನೂ ಮಾಡುತ್ತವೆ. ಕಲಿಯುವವರಿಗೆ ನನ್ನ ಆಯ್ಕೆ ಜಮೋವಿ. ಎಡಗಡೆ ಗುರುತು ಹಾಕಿದ ಕೂಡಲೇ ಬಲಗಡೆ ಕೋಷ್ಟಕ ಬದಲಾಗುವುದು ಕಣ್ಣಿಗೆ ಕಾಣುತ್ತದೆ. ಕದ್ದ ಪ್ರತಿ ಹಾಕಿಕೊಂಡು ವೈರಸ್‌ಗೆ ದತ್ತಾಂಶ ಬಲಿ ಕೊಡಬೇಡಿ.

ಟೆಸ್ಟ್ ಮುಟ್ಟುವ ಮೊದಲು ವಿವರಣಾತ್ಮಕ ಸಂಖ್ಯಾಶಾಸ್ತ್ರದ ಮೇಲೆ ಸಾಕಷ್ಟು ಹೊತ್ತು ಕೂರಿ. ನನಗೆ ಅತಿ ಹೆಚ್ಚು ಕಲಿಸಿದ್ದು ಈ ಹಂತವೇ. ಮೊದಲು ಪ್ರತಿ ಕಾಲಮಿನ ಕನಿಷ್ಠ, ಗರಿಷ್ಠ. 1ರಿಂದ 5ರ ಮಾಪನದಲ್ಲಿ ಗರಿಷ್ಠ 44 ಎಂದಿದ್ದರೆ 4 ಎರಡು ಸಲ ಒತ್ತಲ್ಪಟ್ಟಿದೆ. ಕ್ರಮಸಂಖ್ಯೆ ಹಿಡಿದು ಹಾಳೆ ತೆಗೆದು ಸರಿಪಡಿಸಿ. ಎಕ್ಸೆಲ್‌ನ ಕೌಂಟ್ (ಅಂಕಿ ಇರುವ ಕೋಶಗಳ ಎಣಿಕೆ) ಮತ್ತು ಕೌಂಟ್-ಎ (ತುಂಬಿದ ಎಲ್ಲ ಕೋಶಗಳ ಎಣಿಕೆ) ಎರಡನ್ನೂ ಹಾಕಿ ನೋಡಿ, ಎರಡರ ಉತ್ತರ ಬೇರೆ ಬಂದರೆ ಎಲ್ಲೋ ಅಂಕಿಯೊಂದು ಅಕ್ಷರವಾಗಿ ಕೂತಿದೆ. ಆಮೇಲೆ ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ. ಸರಾಸರಿಗೂ ಮಧ್ಯಾಂಕಕ್ಕೂ ಬಹಳ ದೂರವಿದ್ದರೆ ವಿತರಣೆ ಒಂದು ಕಡೆ ವಾಲಿದೆ ಎಂದರ್ಥ. ಮಾನಕ ವಿಚಲನೆಗೆ ಎಕ್ಸೆಲ್‌ನಲ್ಲಿ ಎರಡು ಸೂತ್ರಗಳಿವೆ. ಮಾದರಿಗೆ ಎಸ್‌ಟಿಡಿಇವಿ.ಎಸ್, ಇಡೀ ಸಮಷ್ಟಿಗೆ ಎಸ್‌ಟಿಡಿಇವಿ.ಪಿ. ನಮಗೆ ಬೇಕಾದ್ದು ಮೊದಲನೆಯದು, ಅದು ಎನ್ ಬದಲು ಎನ್–1ರಿಂದ ಭಾಗಿಸುತ್ತದೆ. ಲಿಂಗ, ಶಾಲೆಯ ಬಗೆ ಮುಂತಾದ ಸಂಕೇತಗಳಿಗೆ ಸರಾಸರಿ ತೆಗೆಯುವುದಕ್ಕೆ ಅರ್ಥವಿಲ್ಲ, ಅವಕ್ಕೆ ಆವೃತ್ತಿ ಮತ್ತು ಶೇಕಡಾ ಮಾತ್ರ.

ವಿತರಣೆ ಸಹಜವೇ (ನಡುವೆ ಎತ್ತರವಾಗಿ ಎರಡೂ ಬದಿಗೆ ಸಮವಾಗಿ ಇಳಿಯುವ ಗಂಟೆಯಾಕಾರವೇ) ಎಂದು ನೋಡಲು ಎಲ್ಲರೂ ಶಪಿರೋ–ವಿಲ್ಕ್ ಟೆಸ್ಟ್ ಹಾಕುತ್ತಾರೆ. ಮಾದರಿ ನೂರಾರು ಇದ್ದಾಗ ಅದು ಅತಿ ಸಣ್ಣ ಓರೆಯನ್ನೂ ಹಿಡಿದು ‘ಸಹಜವಲ್ಲ’ ಎನ್ನುತ್ತದೆ. ಹಾಗೆಂದ ಮಾತ್ರಕ್ಕೆ ಟಿ-ಟೆಸ್ಟ್ ಕೈಬಿಡಬೇಕಿಲ್ಲ. ಹಿಸ್ಟೋಗ್ರಾಂ ನೋಡಿ, ಕ್ಯೂ–ಕ್ಯೂ ನಕ್ಷೆ (ವಿತರಣೆ ಸಹಜವಿದ್ದರೆ ಇದರ ಚುಕ್ಕಿಗಳು ನೇರ ಗೆರೆಯಲ್ಲಿ ಬರುತ್ತವೆ) ನೋಡಿ, ಓರೆತನ −1 ಮತ್ತು +1ರ ನಡುವೆ ಇದೆಯೇ ನೋಡಿ. ಗುಂಪಿಗೆ 50–60 ಮಕ್ಕಳಿದ್ದು ವಿಪರೀತ ಓರೆ ಇಲ್ಲದಿದ್ದರೆ ಟಿ-ಟೆಸ್ಟ್ ತಡೆದುಕೊಳ್ಳುತ್ತದೆ. ಗುಂಪು ಚಿಕ್ಕದಾಗಿದ್ದು ಓರೆ ಜೋರಾಗಿದ್ದರೆ ಅಥವಾ ಒಂದೇ ಹೇಳಿಕೆಯ 1–5 ಉತ್ತರವನ್ನು ಹೋಲಿಸುವುದಾದರೆ, ಅಂಕದ ಬದಲು ಸ್ಥಾನಕ್ರಮವನ್ನು ಹೋಲಿಸುವ ಮಾನ್–ವಿಟ್ನಿ ಟೆಸ್ಟ್ ಹಾಕಿ. ಮೂರು ಗುಂಪಿದ್ದರೆ ಕ್ರುಸ್ಕಲ್–ವಾಲಿಸ್, ಸಹಸಂಬಂಧಕ್ಕೆ ಸ್ಪಿಯರ್‌ಮನ್.

ಟೆಸ್ಟ್‌ಗಳು

ಟಿ-ಟೆಸ್ಟನ್ನು ಒಮ್ಮೆಯಾದರೂ ಕೈಯಲ್ಲಿ ಮಾಡಿ. ಗ್ರಾಮೀಣ ಮಕ್ಕಳು 60, ಆತಂಕದ ಸರಾಸರಿ 68.4, ಮಾನಕ ವಿಚಲನೆ 9.2. ನಗರದ ಮಕ್ಕಳು 60, ಸರಾಸರಿ 64.9, ಮಾನಕ ವಿಚಲನೆ 10.1. ಅಂತರ 3.5. ವಿಚಲನೆಗಳ ವರ್ಗ 84.64 ಮತ್ತು 102.01, ಕೂಡಿದರೆ 186.65, 60ರಿಂದ ಭಾಗಿಸಿದರೆ 3.11, ವರ್ಗಮೂಲ 1.764. ಇದು ಅಂತರದ ಮಾನಕ ದೋಷ. 3.5ನ್ನು 1.764ರಿಂದ ಭಾಗಿಸಿದರೆ ಟಿ = 1.98. ಸ್ವಾತಂತ್ರ್ಯದ ಪ್ರಮಾಣ (ಕೋಷ್ಟಕದ ಯಾವ ಸಾಲು ನೋಡಬೇಕೆಂದು ಹೇಳುವ ಅಂಕಿ) 60 + 60 − 2 = 118. ಅದಕ್ಕೆ 0.05 ಮಟ್ಟದ ಎರಡು-ಬಾಲದ (ಅಂತರ ಯಾವ ಕಡೆಗಿದ್ದರೂ ಎಣಿಸುವ) ಕೋಷ್ಟಕ ಮೌಲ್ಯವೂ ಎರಡು ದಶಮಾಂಶಕ್ಕೆ 1.98! ಮೂರನೇ ದಶಮಾಂಶಕ್ಕೆ ಹೋದರೆ ನಮ್ಮದು 1.984, ಕೋಷ್ಟಕದ್ದು 1.980. ಕೂದಲೆಳೆಯಷ್ಟು ದಾಟಿತು, ಪಿ ಮೌಲ್ಯ (ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣುವ ಸಂಭವ) 0.05ಕ್ಕಿಂತ ಚೂರು ಕಡಿಮೆ. ‘ಸಾರ್ಥಕ’ ಎಂದು ಬರೆದು ಮುಂದೆ ಹೋಗುವವರೇ ಹೆಚ್ಚು. ಆದರೆ ಶೇ. 95ರ ವಿಶ್ವಾಸಾಂತರ ತೆಗೆದು ನೋಡಿ: 0.01ರಿಂದ 6.99. ಅಂದರೆ ನಿಜವಾದ ಅಂತರ ಹೆಚ್ಚುಕಡಿಮೆ ಸೊನ್ನೆಯೂ ಇರಬಹುದು, ಏಳೂ ಇರಬಹುದು. ಪರಿಣಾಮದ ಗಾತ್ರ, ಅಂದರೆ ಕೋಹೆನ್ ಡಿ, 3.5ನ್ನು ಎರಡೂ ಗುಂಪುಗಳ ಸಂಯುಕ್ತ ವಿಚಲನೆ 9.66ರಿಂದ ಭಾಗಿಸಿದರೆ 0.36. ಕೋಹೆನ್ ಕೊಟ್ಟ ಸ್ಥೂಲ ಅಳತೆಗೋಲಿನಲ್ಲಿ 0.2 ಚಿಕ್ಕದು, 0.5 ಮಧ್ಯಮ, 0.8 ದೊಡ್ಡದು. ಪಿ ಒಂದನ್ನೇ ಬರೆದರೆ ಈ ಯಾವ ಮಾತೂ ಓದುಗರಿಗೆ ತಲುಪುವುದಿಲ್ಲ.

ಎಸ್‌ಪಿಎಸ್‌ಎಸ್ ಈ ಟೆಸ್ಟಿಗೆ ಎರಡು ಸಾಲು ಉತ್ತರ ಕೊಡುತ್ತದೆ. ಜೊತೆಗಿರುವ, ಎರಡೂ ಗುಂಪುಗಳ ವಿಚಲನೆ ಸಮವೇ ಎಂದು ನೋಡುವ ಲೆವಿನ್ ಟೆಸ್ಟಿನ ಪಿ ಮೌಲ್ಯ 0.05ಕ್ಕಿಂತ ಹೆಚ್ಚಿದ್ದರೆ ಮೇಲಿನ ಸಾಲು, ಕಡಿಮೆಯಿದ್ದರೆ ಕೆಳಗಿನ ಸಾಲು ಎಂದು ಹೇಳಿಕೊಡುತ್ತಾರೆ. ಕೆಳಗಿನದು ವಿಚಲನೆಗಳು ಸಮವಲ್ಲದಾಗ ಹಾಕುವ ವೆಲ್ಚ್ ತಿದ್ದುಪಡಿ. ನನ್ನ ಅಭಿಪ್ರಾಯದಲ್ಲಿ ಯಾವಾಗಲೂ ವೆಲ್ಚ್ ಸಾಲನ್ನೇ ಬರೆಯುವುದು ಕ್ಷೇಮ. ವಿಚಲನೆಗಳು ಸಮವಾಗಿದ್ದಾಗ ಎರಡೂ ಒಂದೇ ಉತ್ತರ ಕೊಡುತ್ತವೆ. ಮೇಲಿನ ಉದಾಹರಣೆಯಲ್ಲಿ ಸ್ವಾತಂತ್ರ್ಯದ ಪ್ರಮಾಣ 118ರಿಂದ 117ಕ್ಕೆ ಇಳಿಯುತ್ತದೆ, ಅಷ್ಟೇ. ಲೆವಿನ್ ಟೆಸ್ಟಿನ ಪಿ ಮೌಲ್ಯವನ್ನೇ ಟಿ-ಟೆಸ್ಟಿನದೆಂದು ತಿಳಿದು ಕೋಷ್ಟಕಕ್ಕೆ ಇಳಿಸುವುದು ಅತಿ ಸಾಮಾನ್ಯ ತಪ್ಪು. ಎರಡೂ ಒಂದೇ ಅಡ್ಡಸಾಲಿನಲ್ಲಿ ‘ಸಿಗ್’ ಎಂಬ ತಲೆಬರಹದಡಿ ಇರುತ್ತವೆ. ಪಿ ಜಾಗದಲ್ಲಿ .000 ಎಂದಿದ್ದರೆ ಹಾಗೇ ಬರೆಯಬೇಡಿ, ಸಂಭವ ಸೊನ್ನೆಯಾಗುವುದಿಲ್ಲ. ‘ಪಿ < 0.001’ ಎಂದು ಬರೆಯಿರಿ.

ಕೈ-ವರ್ಗ ಸುಲಭ. 60 ಗ್ರಾಮೀಣ ಮಕ್ಕಳಲ್ಲಿ ಟ್ಯೂಷನ್‌ಗೆ ಹೋಗುವವರು 21, ಹೋಗದವರು 39. ನಗರದ 60ರಲ್ಲಿ 33 ಮತ್ತು 27. ಹೋಗುವವರು ಒಟ್ಟು 54, ಆದ್ದರಿಂದ ಪ್ರತಿ ಕಡೆ ನಿರೀಕ್ಷಿತ ಸಂಖ್ಯೆ 27, ಹೋಗದವರಿಗೆ 33. ನಾಲ್ಕೂ ಕೋಶಗಳಲ್ಲಿ ವ್ಯತ್ಯಾಸ 6, ವರ್ಗ 36. 36ನ್ನು 27ರಿಂದ ಎರಡು ಸಲ, 33ರಿಂದ ಎರಡು ಸಲ ಭಾಗಿಸಿ ಕೂಡಿದರೆ 4.85. ಕೋಷ್ಟಕ ಮೌಲ್ಯ 3.84, ಹಾಗಾಗಿ ಸಾರ್ಥಕ. ಎರಡಕ್ಕೆರಡರ ಕೋಷ್ಟಕಕ್ಕೆ ಕೆಲವರು ಬಳಸುವ ಯೇಟ್ಸ್ ತಿದ್ದುಪಡಿ ಹಾಕಿದರೆ 4.07ಕ್ಕೆ ಇಳಿಯುತ್ತದೆ. ಯಾವುದನ್ನು ಬರೆದಿದ್ದೀರಿ ಎಂದು ಹೇಳಿ. ಈ ಟೆಸ್ಟಿಗೆ ಕೊಡಬೇಕಾದ್ದು ಎಣಿಕೆಗಳನ್ನು. ಶೇಕಡಾವಾರು ಕೊಟ್ಟರೆ ಉತ್ತರ ತಪ್ಪು, ಏಕೆಂದರೆ ಶೇಕಡಾ ಎಂದರೆ ಪ್ರತಿ ಗುಂಪಿನಲ್ಲೂ 100 ಜನ ಎಂದು ಅದು ತಿಳಿಯುತ್ತದೆ. ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಕೋಶಗಳು ಐದರಲ್ಲೊಂದು ಪಾಲಿಗಿಂತ ಹೆಚ್ಚಿದ್ದರೆ ಅರ್ಥಪೂರ್ಣವಾಗಿ ವರ್ಗಗಳನ್ನು ಒಗ್ಗೂಡಿಸಿ, ಎರಡಕ್ಕೆರಡರ ಕೋಷ್ಟಕವಾದರೆ ಫಿಶರ್ ನಿಖರ ಟೆಸ್ಟ್ ಹಾಕಿ. ತಾಯಿಯ ಶಿಕ್ಷಣವನ್ನು ಏಳು ವರ್ಗ ಮಾಡಿದವರಿಗೆ ಈ ತೊಂದರೆ ಖಚಿತ.

ಮೂರು ಬಗೆಯ ಶಾಲೆಗಳನ್ನು ಮೂರು ಟಿ-ಟೆಸ್ಟ್‌ಗಳಿಂದ ಹೋಲಿಸಿದರೆ ಸುಳ್ಳು ಫಲಿತಾಂಶದ ಸಂಭವ ಶೇ. 5ರಿಂದ ಸುಮಾರು ಶೇ. 14ಕ್ಕೆ ಏರುತ್ತದೆ. ಅದಕ್ಕೇ ಅನೋವಾ. ಗುಂಪಿಗೆ 40ರಂತೆ ಸರಾಸರಿಗಳು 70, 67, 63, ಎಲ್ಲೆಡೆ ಮಾನಕ ವಿಚಲನೆ 9.8 ಎಂದುಕೊಳ್ಳಿ. ಗುಂಪುಗಳ ನಡುವಿನ ವರ್ಗಮೊತ್ತ 986.67, ಅದನ್ನು 2ರಿಂದ ಭಾಗಿಸಿದರೆ 493.3. ಗುಂಪಿನೊಳಗಿನದು 9.8ರ ವರ್ಗ 96.04. ಎಫ್ = 5.14, ಸ್ವಾತಂತ್ರ್ಯದ ಪ್ರಮಾಣ 2 ಮತ್ತು 117, ಕೋಷ್ಟಕ ಮೌಲ್ಯ 3.07. ಶೂನ್ಯ ಪ್ರಾಕ್ಕಲ್ಪನೆ ತಿರಸ್ಕೃತ. ಇಲ್ಲಿಗೇ ನಿಲ್ಲಿಸಿ ‘ಮೂರೂ ಗುಂಪುಗಳು ಭಿನ್ನ’ ಎಂದು ಬರೆದರೆ ತಪ್ಪು. ಎಫ್ ಹೇಳುವುದು ‘ಎಲ್ಲವೂ ಸಮವಲ್ಲ’ ಎಂದಷ್ಟೇ. ಯಾವುದು ಯಾವುದಕ್ಕಿಂತ ಭಿನ್ನ ಎಂಬುದಕ್ಕೆ ಟೂಕಿ ಟೆಸ್ಟ್ ಬೇಕು. ಈ ಉದಾಹರಣೆಯಲ್ಲಿ ಎರಡು ಸರಾಸರಿಗಳ ಅಂತರ ಸುಮಾರು 5.2 ದಾಟಬೇಕು. 70 ಮತ್ತು 63ರ ಅಂತರ 7 ದಾಟುತ್ತದೆ; 70–67, 67–63 ಎರಡೂ ದಾಟುವುದಿಲ್ಲ. ಈಟಾ ವರ್ಗ 0.08: ಆತಂಕದ ಏರುಪೇರಿನಲ್ಲಿ ಶೇ. 8ರಷ್ಟು ಮಾತ್ರ ಶಾಲೆಯ ಬಗೆಯೊಂದಿಗೆ ಹೊಂದಿಕೊಂಡಿದೆ.

ಸಹಸಂಬಂಧದಲ್ಲಿ ಮೊದಲು ಚುಕ್ಕಿನಕ್ಷೆ ಬಿಡಿಸಿ, ಆಮೇಲೆ ಗುಣಾಂಕ. ದೂರ ಬಿದ್ದ ಒಂದೇ ಚುಕ್ಕಿ ಗುಣಾಂಕವನ್ನು ಏರಿಸಬಲ್ಲದು, ಬಾಗಿದ ಸಂಬಂಧವನ್ನು ಗುಣಾಂಕ ಕಾಣದೇ ಇರಬಹುದು. 400 ಮಕ್ಕಳಿದ್ದರೆ 0.10ರ ಗುಣಾಂಕವೂ 0.05 ಮಟ್ಟದಲ್ಲಿ ಸಾರ್ಥಕವಾಗುತ್ತದೆ. ಅದರ ವರ್ಗ 0.01, ಅಂದರೆ ಶೇ. 1. ‘ಗಣಿತದ ಆತಂಕಕ್ಕೂ ಸಾಧನೆಗೂ ಗಾಢ ಸಂಬಂಧವಿದೆ’ ಎಂದು ಅದರ ಮೇಲೆ ತೀರ್ಮಾನ ಕಟ್ಟಬಾರದು. ಆತಂಕದಿಂದ ಅಂಕ ಕಡಿಮೆಯಾಯಿತೋ, ಅಂಕ ಕಡಿಮೆ ಬಂದು ಆತಂಕ ಹುಟ್ಟಿತೋ ಎಂಬುದನ್ನು ಒಂದೇ ಸಲದ ಸಮೀಕ್ಷೆ ಹೇಳಲಾರದು.

ಸಾರ್ಥಕವಲ್ಲ ಎಂದು ಬಂದಾಗ

ಪಿ ಮೌಲ್ಯ 0.31 ಎಂದು ಬಂದ ಕೂಡಲೇ ಎದೆ ಕುಸಿಯುತ್ತದೆ. ವರ್ಷಗಳ ದುಡಿಮೆ ವ್ಯರ್ಥವಾಯಿತು ಎನಿಸುತ್ತದೆ. ‘ಸ್ವಲ್ಪ ಅಂಕಿ ಸರಿಮಾಡಿದರೆ ಬರುತ್ತದೆ’ ಎಂದು ಕಿವಿಯಲ್ಲಿ ಹೇಳುವವರೂ ಆಗ ಸಿಗುತ್ತಾರೆ. ದಯವಿಟ್ಟು ಆ ಕಡೆ ತಿರುಗಬೇಡಿ. ಅಂಕಿ ತಿದ್ದುವುದು ವಂಚನೆ, ಮಕ್ಕಳು ಕೊಟ್ಟ ಉತ್ತರಕ್ಕೆ ಮಾಡುವ ದ್ರೋಹ. ಒಂದು ಟೆಸ್ಟ್ ಆಗಲಿಲ್ಲವೆಂದು ಇನ್ನೊಂದು, ಮತ್ತೊಂದು ಹಾಕುತ್ತ ಹೋಗುವುದೂ ಅದೇ ದಾರಿ. ಬಾಲಕ–ಬಾಲಕಿಯರ ಆತಂಕದಲ್ಲಿ ಸಾರ್ಥಕ ವ್ಯತ್ಯಾಸ ಕಾಣಲಿಲ್ಲ ಎಂಬುದು ಶಿಕ್ಷಕರಿಗೆ ಬೇಕಾದ ಸುದ್ದಿಯೇ. ಬರೆಯುವ ಕ್ರಮ ಮಾತ್ರ ಸರಿಯಿರಲಿ. ‘ಶೂನ್ಯ ಪ್ರಾಕ್ಕಲ್ಪನೆ ಸಾಬೀತಾಯಿತು’ ಎನ್ನಬೇಡಿ. ‘ತಿರಸ್ಕರಿಸಲು ಸಾಕಷ್ಟು ಆಧಾರ ದೊರೆಯಲಿಲ್ಲ’ ಎನ್ನಿ. ವಿಶ್ವಾಸಾಂತರವನ್ನೂ ಕೊಡಿ. ಅದು −0.8ರಿಂದ 1.1ರಂತೆ ಕಿರಿದಾಗಿದ್ದರೆ ‘ವ್ಯತ್ಯಾಸವಿದ್ದರೂ ಬಹಳ ಸಣ್ಣದು’ ಎಂದು ಧೈರ್ಯವಾಗಿ ಹೇಳಬಹುದು; −6ರಿಂದ 9ರಂತೆ ಅಗಲವಾಗಿದ್ದರೆ ಮಾದರಿ ಸಾಲದು ಎಂದು ಒಪ್ಪಿಕೊಳ್ಳಬೇಕು.

ಬರೆಯುವುದು, ಒಪ್ಪಿಸುವುದು

ಕೋಷ್ಟಕದಲ್ಲಿ ಗುಂಪು, ಎನ್, ಸರಾಸರಿ, ಮಾನಕ ವಿಚಲನೆ, ಟಿ, ಸ್ವಾತಂತ್ರ್ಯದ ಪ್ರಮಾಣ, ಪಿ, ಪರಿಣಾಮದ ಗಾತ್ರ ಇದ್ದರೆ ಸಾಕು. ಸಾಫ್ಟ್‌ವೇರಿನ ಕೋಷ್ಟಕವನ್ನು ಹಾಗೇ ಅಂಟಿಸಬೇಡಿ. ಕೆಳಗೆ ಎರಡು ವಾಕ್ಯದಲ್ಲಿ ಅರ್ಥ ಬರೆಯಿರಿ, ಕೋಷ್ಟಕದ ಅಂಕಿಗಳನ್ನೇ ಮತ್ತೆ ಓದಿ ಹೇಳುವುದು ಬೇಡ.

ಕನ್ನಡದಲ್ಲಿ ಪ್ರಬಂಧ ಬರೆಯುವವರಿಗೆ ಒಂದು ಮುಖ್ಯ ಎಚ್ಚರಿಕೆ. ಮೊದಲ ಪುಟದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ಕೊನೆಗೆ ಪರಿವರ್ತಿಸಿದರೆ ಅಲ್ಲಲ್ಲಿ ಒತ್ತಕ್ಷರ, ಅರ್ಕಾವತ್ತು ಒಡೆಯುತ್ತವೆ, ಕೋಷ್ಟಕದ ನಡುವಿನ ದಶಮಾಂಶ ಚುಕ್ಕಿ, ಕಳೆಯುವ ಚಿಹ್ನೆಗಳು ಬೇರೆ ಅಕ್ಷರಗಳಾಗಿಬಿಡುತ್ತವೆ. −0.32 ಇದ್ದದ್ದು 0.32 ಆದರೆ ಇಡೀ ತೀರ್ಮಾನ ತಲೆಕೆಳಗು. ಪರಿವರ್ತನೆ ಅನಿವಾರ್ಯವಾದರೆ ಕೋಷ್ಟಕಗಳನ್ನು ಮತ್ತೆ ಹೊಸದಾಗಿ ಟೈಪ್ ಮಾಡಿ. ಕೃತಿಚೌರ್ಯ ತಪಾಸಣೆಯನ್ನೂ ನೆನಪಿಡಿ. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಒಪ್ಪಿಸಬೇಕು. ಟಿ-ಟೆಸ್ಟ್ ಎಂದರೇನು, ಅನೋವಾ ಎಂದರೇನು ಎಂಬ ಪುಸ್ತಕದ ವ್ಯಾಖ್ಯಾನಗಳೇ ಹೋಲಿಕೆಯನ್ನು ಏರಿಸುತ್ತವೆ. ಅವನ್ನು ಬಿಟ್ಟು, ಆ ಟೆಸ್ಟನ್ನು ನೀವು ಏಕೆ ಆರಿಸಿದಿರಿ ಎಂದು ಬರೆದರೆ ಪುಟವೂ ಉಳಿಯುತ್ತದೆ, ಹೋಲಿಕೆಯೂ ಇಳಿಯುತ್ತದೆ.

ವೈವಾದಲ್ಲಿ ಸಂಖ್ಯಾಶಾಸ್ತ್ರದ ಪ್ರಶ್ನೆಗಳು ಸರಳವಾಗಿಯೇ ಇರುತ್ತವೆ, ಸರಳವಾಗಿರುವುದರಿಂದಲೇ ತಡಬಡಾಯಿಸುತ್ತೇವೆ. ಸ್ವಾತಂತ್ರ್ಯದ ಪ್ರಮಾಣ 118 ಹೇಗೆ ಬಂತು? ಎರಡು-ಬಾಲದ ಟೆಸ್ಟ್ ಏಕೆ? ಪಿ 0.03 ಎಂದರೆ ಏನು? ‘ಶೂನ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವ ಶೇ. 3’ ಎಂದರೆ ತಪ್ಪು. ಶೂನ್ಯ ಪ್ರಾಕ್ಕಲ್ಪನೆ ನಿಜವೆಂದಿಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣುವ ಸಂಭವ ಶೇ. 3 ಎಂಬುದು ಸರಿಯಾದ ಮಾತು. 0.05 ಎಲ್ಲಿಂದ ಬಂತು ಎಂದೂ ಕೇಳುತ್ತಾರೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಇಪ್ಪತ್ತರಲ್ಲೊಂದು ಎಂಬ ಅನುಕೂಲದ ಗೆರೆ ಎಳೆದರು, ಅದು ರೂಢಿಯಾಯಿತು. ಅದೇ ಫಿಶರ್ ಅವರ ಮಾರ್ಗದರ್ಶನದಲ್ಲಿ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಮಾಡಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಸಂಗತಿ. ಟಿ-ಟೆಸ್ಟಿನ ಜನಕ ವಿಲಿಯಂ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದರು. 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿದರು. ಸಣ್ಣ ಮಾದರಿಯ ತೊಂದರೆಯೇ ಅವರನ್ನು ಆ ಲೆಕ್ಕಕ್ಕೆ ತಂದದ್ದು.

ಪರೀಕ್ಷಕರ ವರದಿಯಲ್ಲಿ ‘ಅನುದಾನಿತ ಶಾಲೆಗಳನ್ನು ಬಿಟ್ಟು ಮತ್ತೊಮ್ಮೆ ವಿಶ್ಲೇಷಿಸಿ’ ಎಂಬಂಥ ಸೂಚನೆ ಬರುವುದುಂಟು. ಎಸ್‌ಪಿಎಸ್‌ಎಸ್‌ನಲ್ಲಿ ‘ಪೇಸ್ಟ್’ ಒತ್ತಿ ಪ್ರತಿ ಆದೇಶವನ್ನು ಸಿಂಟ್ಯಾಕ್ಸ್ ಕಡತದಲ್ಲಿ ಉಳಿಸಿಕೊಂಡಿದ್ದರೆ, ಅಥವಾ ಜಮೋವಿಯ ಕಡತವನ್ನೇ ಜೋಪಾನ ಮಾಡಿದ್ದರೆ ಇದು ಒಂದು ಸಂಜೆಯ ಕೆಲಸ. ಮುಟ್ಟದ ಮೂಲ ಕಡತ, ಶುದ್ಧಗೊಳಿಸಿದ ಕಡತ, ಸಂಕೇತಗಳ ಪಟ್ಟಿ, ಸಿಂಟ್ಯಾಕ್ಸ್ ಈ ನಾಲ್ಕನ್ನೂ ಎರಡು ಕಡೆ ಇಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಸೇರುವ ಪ್ರತಿಯ ಪಿಡಿಎಫ್‌ನಲ್ಲಿ ನಾಲ್ಕನೇ ಅಧ್ಯಾಯದ ಕೋಷ್ಟಕಗಳನ್ನು ಇನ್ನೊಮ್ಮೆ ತಾಳೆ ನೋಡಿ. ಮಕ್ಕಳು ತುಂಬಿದ ಹಾಳೆಗಳ ಕಟ್ಟುಗಳನ್ನು ಪದವಿ ಪ್ರಮಾಣಪತ್ರ ಕೈಗೆ ಬರುವ ತನಕ ರದ್ದಿಗೆ ಹಾಕಬೇಡಿ.